ಕಟ್ಟಿದ ಬಾಯಿ ಬಿಚ್ಚದೆ ಹೋದ ಅಪ್ಪಾರಿಗೆ

ಸುಳ್ಳಿರಬೇಕು ಅಂದುಕೊಂಡೆ...

ಬೆಳಿಗ್ಗೆ ಏಳಕ್ಕೆ ಗಂಗಾವತಿಯಿಂದ ಹನುಮಂತನ ಫೋನು.
"ಅಣ್ಣಾ, ಅಪ್ಪಾರು ಹೋದ್ರಂತ..."
ಯಾವ ಅಪ್ಪಾರು ಎಂದು ಕೇಳಿದೆ.
ನಮಗಿದ್ದದ್ದು ಒಬ್ಬರೇ ಅಪ್ಪಾರು. ಆದರೂ ಕೇಳಿದೆ.

ಅಮಾವಾಸ್ಯೆಗೆ ಬಾ ಎಂದು ಹೇಳಿ ಕಳಿಸಿದ್ದರು.
ಇನ್ನು ಆರೇ ದಿನ ಇತ್ತು...

ಈ ವಾಲ್ ಮೇಲೆ ನಾನು ಅನುವಾದಿತ ಕಾದಂಬರಿಗಳ ಬಗ್ಗೆ ಬರೆಯುವುದನ್ನಷ್ಟೇ ನೋಡಿದವರಿಗೆ ಇದು ಹೊಸ ಸುದ್ದಿ.
ಎಂಟು ವರ್ಷ ನಾನು ಒಂದು ಬಳಗದಲ್ಲಿದ್ದೆ.
ತಾವರಗೇರಾ ದಾಟಿದ ಮೇಲೆ, ಹೊಲದ ನಡುವೆ ಒಂದು ತಗಡಿನ ಶೆಡ್.
ಅದನ್ನು ಕಟ್ಟಿದವರು ಅಪ್ಪಾರು. ಮೊದಲು ಬಸ್ ಕಂಡಕ್ಟರ್ ಆಗಿದ್ದವರು.
ಅವರನ್ನು ದೇವರು ಎಂದವರಿದ್ದಾರೆ. ಮನೆಮುರುಕ ಎಂದವರೂ ಇದ್ದಾರೆ.

ಅಲ್ಲಿ ಒಂದು ಪದ್ಧತಿ ಇತ್ತು.
ಯಾರಾದರೂ ಬಳಗ ಬಿಟ್ಟರೆ, ಸೋಮವಾರದ ಸಭೆಯಲ್ಲಿ ಅವರ ಹೆಸರು ಓದುತ್ತಿದ್ದರು.
ಉಳಿದವರೆಲ್ಲ ಬಲ ಅಂಗೈಯನ್ನು ಬಾಯಿಗೆ ಒತ್ತಿಕೊಳ್ಳಬೇಕು.
ಅಲ್ಲಿಗೆ ಬಾಯಿ ಕಟ್ಟಿದಂತೆ.
ಒಳಗಿನವರು ಆ ಮನುಷ್ಯನ ಜೊತೆ ಮತ್ತೆ ಮಾತಾಡುವಂತಿಲ್ಲ... ಹೆತ್ತ ತಾಯಿಯಾದರೂ.
ಬಿಚ್ಚುವ ಅಧಿಕಾರ ಅಪ್ಪಾರಿಗೆ ಮಾತ್ರ. ಇಬ್ಬರ ನಾಲಿಗೆಯ ಮೇಲೂ ಅವರು ಬೆಲ್ಲದ ಚೂರು ಇಡಬೇಕು.
ಎಂಟು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಎರಡೇ ಸಲ.

ನಾನು ಹೊರಗೆ ಬಂದು ಐದು ವರ್ಷ.
ತಂಗಿ ನೀಲಾ ಇನ್ನೂ ಒಳಗಿದ್ದಾಳೆ. ಈಗ ಶೆಡ್‌ನಲ್ಲೇ ವಾಸ.
ಐದು ವರ್ಷದಿಂದ ನನ್ನ ಜೊತೆ ಮಾತಿಲ್ಲ.
ಅಮಾವಾಸ್ಯೆಗೆ ನಮ್ಮಿಬ್ಬರ ಬಾಯಿ ಬಿಚ್ಚುವುದಿತ್ತು...

ಹತ್ತು ಗಂಟೆಗೆ ತಾವರಗೇರಾ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮೂವರು ಸೇರಿದೆವು. ಹನುಮಂತ, ರೇಣುಕಕ್ಕ, ನಾನು. ರೇಣುಕಕ್ಕ ಮಂಗಳೂರಿನವಳು, ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು.
ಮೂವರೂ ಬಳಗ ಬಿಟ್ಟವರು.
ಹೋಗಿ ಮುಖ ನೋಡಬೇಕೋ, ಬೇಡವೋ... ಅದೇ ವಾದ.

"ನಮ್ಮಪ್ಪ ದಿನಾ ಕುಡದು ಬಂದು ಅವ್ವನ್ನ ಬಡಿತಿದ್ದ," ಹನುಮಂತ ಹೇಳಿದ. "ಬಿಡಿಸಿದವರು ಯಾರು? ಅಪ್ಪಾರು. ನಾ ಹೋಗಾಂವ."

"ಕುಡಿಯೋದು ಬಿಡಿಸ್ಯಾರ, ಖರೆ," ಎಂದಳು ರೇಣುಕಕ್ಕ. "ನಮ್ಮವ್ವ ಬಳಗದಾಗ ಉಳದಾಕಿ, ಹತ್ತೊಂಬತ್ತು ದಿನ ಹಾಸಿಗಿ ಮ್ಯಾಲಿದ್ಲು. ನಾನೇ ಗಂಜಿ ಕುಡಿಸೀನಿ. ಕುಡದ್ಲು. ಸಾಕು ಅನ್ನಲಿಲ್ಲ, ಬೇಕು ಅನ್ನಲಿಲ್ಲ. ಹಂಗ ಹೋದ್ಲು."

"ಸತ್ತವರ ಮ್ಯಾಲ ಇಷ್ಟು ಸಿಟ್ಟು ಛಲೋ ಅಲ್ಲಕ್ಕಾ."

"ಸತ್ತವರ ಮ್ಯಾಲ ಯಾಕಪಾ ಸಿಟ್ಟು? ಇಲ್ಲೇ ಕುಂತಾನಲ್ಲ, ಚಾ ಕುಡ್ಯಾಕತ್ತಾನ... ನನ್ನ ಹೆಸರು ಓದಿದಾಂವ ಇವನ. ಏನ್ ಛಂದ ಓದಿದ ಅಂತಿ! ಒಂದ ಅಕ್ಷರ ತಪ್ಪಲಿಲ್ಲ."

ಹೌದು.
ಹೆಸರು ಓದುವ ಡ್ಯೂಟಿ ನನ್ನದಾಗಿತ್ತು.

ಅಪ್ಪಾರೇ...
ನಮ್ಮೂರ ಹೋಟೆಲಿನಲ್ಲಿ ನಮ್ಮಪ್ಪನಿಗೆ ಬೇರೆ ಕಪ್ ಇಡುತ್ತಿದ್ದರು.
ನಿಮ್ಮ ಶೆಡ್‌ನಲ್ಲಿ ನಾನು ಗೌಡರ ಮಗ್ಗುಲಲ್ಲಿ ಕೂತು ಉಂಡೆ. ಬಡಿಸಿದ್ದು ಗೌಡರ ಸೊಸೆ.
ಅದನ್ನು ಮರೆತೆ ಎಂದರೆ ನಾನು ಸುಳ್ಳ.
ಅದಕ್ಕೇ ನೀವು ಚೀಟಿ ಕೊಟ್ಟಾಗಲೆಲ್ಲ ಎದ್ದು ನಿಂತು ಓದಿದೆ. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಓದಲು ನನ್ನನ್ನು ಆರಿಸಿದಿರಲ್ಲ ಎಂಬ ಹಿಗ್ಗೇ ಸಾಕಾಗಿತ್ತು.
ನಾನು ಬಿಟ್ಟ ಮೇಲೆ ಆ ಕೆಲಸ ನೀಲಾಗೆ ಕೊಟ್ಟಿರಿ.
ಅವಳು ಓದಿದ ಮೊದಲ ಹೆಸರು ನನ್ನದು...
ಬೇಕೆಂದೇ ಕೊಟ್ಟಿರಾ? ಅಥವಾ ಓದಲು ಬೇರೆ ಯಾರೂ ಇರಲಿಲ್ಲವಾ?
ಅಮಾವಾಸ್ಯೆಯ ದಿನ ಕೇಳಬೇಕು ಅಂದುಕೊಂಡಿದ್ದೆ.

ಕೊನೆಗೆ ಮೂವರೂ ಹೋದೆವು. ರೇಣುಕಕ್ಕ ಬರುವುದಿಲ್ಲ ಎಂದವಳು ಆಟೋದಲ್ಲಿ ಎಲ್ಲರಿಗಿಂತ ಮೊದಲು ಕೂತಿದ್ದಳು.

ಅಪ್ಪಾರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಕೈಮುಗಿದೆ.
ಬಾಗಿಲ ಬಳಿ ನೀಲಾ ಬಂದವರಿಗೆ ನೀರು ಕೊಡುತ್ತಿದ್ದಳು.
ನನಗೂ ಕೊಟ್ಟಳು.
"ನೀಲಾ" ಎಂದೆ.
ಅವಳ ಅಂಗೈ ಬಾಯಿಗೆ ಹೋಯಿತು...

ಪಕ್ಕದಲ್ಲಿದ್ದ ಬಳಗದ ಹಿರಿಯರೊಬ್ಬರು ನನ್ನತ್ತ ತಿರುಗಲಿಲ್ಲ. ಅವರೂ ನನ್ನ ಜೊತೆ ಮಾತಾಡುವಂತಿಲ್ಲ. ಎದುರಿನ ಕಬ್ಬಿಣದ ಕಂಬಕ್ಕೆ ಹೇಳಿದರು:
"ಬಿಚ್ಚಾವರ ಹೋಗ್ಯಾರ. ಇನ್ನ ಕಟ್ಟಿದ್ದು ಕಟ್ಟಿದಂಗ."

ನನ್ನ ಕೈಯಲ್ಲಿ ನೀರಿನ ಲೋಟ ಹಾಗೇ ಇತ್ತು.

ರೇಣುಕಕ್ಕ ಮುಂದೆ ಬಂದಳು. ಅದೇ ಕಂಬಕ್ಕೆ ಮುಖ ಕೊಟ್ಟು ನಿಂತಳು.
"ಕಂಬಪ್ಪಾ, ನಿನಗ ಯಾರೂ ಬಾಯಿ ಕಟ್ಟಿಲ್ಲ ಹೌದಿಲ್ಲ? ಈ ಹುಡುಗಿಗೆ ಹೇಳು. ನಮ್ಮವ್ವ ಇವತ್ತ ಮಾತಾಡ್ತಾಳ, ನಾಳಿ ಮಾತಾಡ್ತಾಳ ಅಂತ ನಾ ಕಾಯ್ದೆ. ಇವರಣ್ಣ ಹಂಗ ಕಾಯೋದು ಬ್ಯಾಡ."

ಕಂಬಕ್ಕೆ ಹೇಳುವುದು ಹಿರಿಯರೇ ಹಾಕಿಕೊಟ್ಟ ದಾರಿ...
ಬೇಡ ಎನ್ನುವಂತಿಲ್ಲ.

ನೀಲಾ ನೀರಿನ ತಂಬಿಗೆ ಕೆಳಗಿಟ್ಟಳು.
ಆಮೇಲೆ ಅಂಗೈ ತೆಗೆದಳು.
ಕಂಬದ ಕಡೆ ತಿರುಗಿ ಹೇಳಿದಳು:
"ಕಂಬಾ... ಬಿಸಲಾಗಾಕತ್ತೈತಿ. ಅಣ್ಣಗ ಮನಿಗೆ ಹೋಗಂತ ಹೇಳು."

ಐದು ವರ್ಷದ ಮೇಲೆ ಕೇಳಿದ ದನಿ. ಸ್ವಲ್ಪ ಒಡೆದಿದೆ.
ಹೊರಟುಹೋಗು ಎಂದಳೋ, ಬಿಸಿಲಿಗೆ ನಿಲ್ಲಬೇಡ ಎಂದಳೋ... ಸಂಜೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಗೊತ್ತಾಗಿಲ್ಲ.
ಸೋಮವಾರ ಮತ್ತೆ ಹೋಗುತ್ತೇನೆ. ಆ ಕಂಬದ ಹತ್ತಿರವೇ ನಿಲ್ಲುತ್ತೇನೆ.

ರೇಣುಕಕ್ಕಾ, ನಿನ್ನ ಹೆಸರು ಓದಿದವನು ನಾನೇ. ಎಲ್ಲರೆದುರು ಓದಿದ್ದೆ, ಎಲ್ಲರೆದುರೇ ಹೇಳುತ್ತೇನೆ. ತಪ್ಪಾಯಿತು.

ಅಪ್ಪಾರೇ...
ಹೋಗಿ ಬನ್ನಿ ಎನ್ನಲಾರೆ.
ಮಣ್ಣೊಳಗೆ ನಿಮ್ಮ ಜೀವ ತಣ್ಣಗಿರಲಿ.