ಅತ್ತೆ ಬೆರೆಸಿದ ಬೂದಿ

ನಮ್ಮ ಅತ್ತೆಯವರ ಎಡಹುಬ್ಬು ಅರ್ಧವೇ ಇತ್ತು. ಯಾರದೋ ಮದುವೆಗೆ ತಂದ ಗ್ಯಾಸ್‌ಲೈಟು ಹೇಗೆ ಉರಿಯುತ್ತದೆಂದು ಬಗ್ಗಿ ನೋಡಲು ಹೋಗಿ ಉಳಿದರ್ಧ ಸುಟ್ಟುಕೊಂಡಿದ್ದರು. ಕೂದಲು ಮತ್ತೆ ಬರಲಿಲ್ಲ, ಬಗ್ಗಿ ನೋಡುವ ಚಾಳಿಯೂ ಬಿಡಲಿಲ್ಲ.

ನಾನು ತ್ಯಾವಣಿಗೆಗೆ ಸೊಸೆಯಾಗಿ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಮಾವ ಆಗಲೇ ತೀರಿಕೊಂಡಿದ್ದರು. ನಮ್ಮವರು ಮೈಸೂರಿನ ಕಡೆಯ ದೊಡ್ಡ ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾನು ಊರಲ್ಲಿ, ಅತ್ತೆಯ ಜೊತೆ. ಅತ್ತೆಯ ಮೈದುನ, ಅಂದರೆ ನಮ್ಮ ಚಿಕ್ಕಮಾವನಿಗೆ ಇದು ಸರಿಬರುತ್ತಿರಲಿಲ್ಲ. "ಗದ್ದೆ ಇಟ್ಕಂಡು ಮಗನ್ನ ಹೊಗೆ ಕುಡಿಯಾಕೆ ಕಳಿಸೀರಲ್ಲ ಅತ್ತಿಗೆಮ್ಮ" ಎನ್ನುತ್ತಿದ್ದರು.

ಒಂದು ಸಲ ನಮ್ಮವರು ರಜೆಗೆ ಬರುವಾಗ ಕಾರ್ಖಾನೆಯ ಗೊಬ್ಬರ ಒಂದು ಚೀಲ ತಂದರು. ಉಪ್ಪಿನಂಥ ಬಿಳಿ ಹರಳು. ಗಾಳಿಯ ಸತ್ವ ಹಿಡಿದು ಮಾಡಿದ್ದು, ಭತ್ತಕ್ಕೆ ಎರಚಿ ಅಂದರು. ಚಿಕ್ಕಮಾವ ನಕ್ಕು, "ಉಪ್ಪು ಸುರಿದ ಗದ್ದೇಲಿ ಹುಲ್ಲೂ ಹುಟ್ಟಲ್ಲ" ಅಂದರು. ಅತ್ತೆಗೆ ರೋಷ ಬಂತು. "ಬೆಳೆ ಮಂಕಾದ್ರೆ ಮಗನ್ನ ಕೆಲಸ ಬಿಡಿಸಿ ನೇಗಿಲು ಹಿಡಿಸ್ತೀನಿ, ಆತಾ?" ಆ ಕೆಲಸವೆಂದರೆ ನಮ್ಮವರಿಗೆ ಪ್ರಾಣ.

ನಮ್ಮಲ್ಲಿ ಒಲೆಯ ಬೂದಿ ಬೆರೆಸದೆ ಯಾವ ಗೊಬ್ಬರವೂ ಗದ್ದೆಗೆ ಹೋಗುತ್ತಿರಲಿಲ್ಲ. ನಮ್ಮವರು ರಜೆ ಮುಗಿಸಿ ಹೋದ ಮೇಲೆ ಅತ್ತೆ ಅರ್ಧ ಚೀಲ ಸುರಿದು, ಬೂದಿ ಹಾಕಿ, ನೀರು ಚಿಮುಕಿಸಿ ಕಲಸಿದರು. ಘಾಟು ಎದ್ದು ಕಣ್ಣಲ್ಲಿ ನೀರು ಸುರಿಯಿತು. ನಾನು ಓಡಿದೆ. ಅವರು ಮೂಗಿಗೆ ಸೆರಗು ಹಿಡಿದು ಇನ್ನೂ ಹತ್ತಿರ ಬಗ್ಗಿದರು.

"ಬರೇ ಬೂದಿಗೆ ಘಾಟಿಲ್ಲ, ಬರೇ ಹರಳಿಗೂ ಇಲ್ಲ. ಸೇರಿದ ಕೂಡ್ಲೇ ಹೆಂಗೆ ಬಂತು? ಇರು, ಉಳಿದಿದ್ದನ್ನ ಹಂಗೇ ಎರಚಿ ನೋಡಾನ."

ಬೂದಿ ಬೆರೆಸಿದ್ದನ್ನು ಎರಚಿದ ಮಡಿ ಮಂಕಾಗಿಯೇ ಉಳಿಯಿತು. ಚಿಕ್ಕಮಾವ ಅದನ್ನು ತೋರಿಸಿ, ಇನ್ನು ಮಗನನ್ನು ಕರೆಸಿ ಅಂದರು. ಅತ್ತೆ ಅವರನ್ನು ಬದುವಿನಾಚೆ ಕರೆದೊಯ್ದರು. ಬರೀ ಹರಳು ಎರಚಿದ ಮಡಿ ಕಡುಹಸಿರಾಗಿ ತೂಗುತ್ತಿತ್ತು.

"ತಪ್ಪು ನಂದು. ಬೂದಿ ಬೆರೆಸಿ ಸತ್ವಾನೆಲ್ಲ ಘಾಟಾಗಿ ಹಾರಾಕೆ ಬಿಟ್ಟೆ. ಮಗ ಅಲ್ಲೇ ಇರ್ಲಿ" ಅಂದರು. ಚಿಕ್ಕಮಾವ ಕೆಮ್ಮಿ, ಬರುವ ವರ್ಷ ತಮಗೂ ಒಂದು ಚೀಲ ಬೇಕೆಂದರು.

ಅದೇ ವಾರ ಅತ್ತೆ ತಾವೇ ನನ್ನ ಟ್ರಂಕು ತುಂಬಿದರು. "ನೀನೂ ಹೋಗು. ಅಲ್ಲಿ ಏನು ಮಾಡ್ತಾರೆ, ನೋಡ್ಕಂಡು ಬಂದು ನಂಗೆ ಹೇಳು." ಸೊಸೆಯನ್ನು ಹೀಗೆ ಕಳಿಸುವ ಅತ್ತೆ ಆಗ ನಮ್ಮ ಬೀದಿಯಲ್ಲಿ ಬೇರೆ ಯಾರಿದ್ದರು?

ನಾನು ಹಬ್ಬಕ್ಕೆ ಊರಿಗೆ ಬಂದರೆ ಕೈಕಾಲು ತೊಳೆಯಲೂ ಬಿಡದೆ ಅತ್ತೆಯ ವಿಚಾರಣೆ. ನೀನು ಹೇಳಿದ ಆ ಎತ್ತರದ ಕೊಳವೆಯೊಳಗೆ ಏನೈತೆ? ಗಂಧಕ ಯಾಕೆ ಸುಡ್ತಾರೆ? ಅವರಿಗಾಗಿ ನಮ್ಮವರನ್ನು ಕೇಳಿ ಕೇಳಿ, ಮೂರನೇ ಕ್ಲಾಸಿಗೇ ಓದು ಬಿಟ್ಟ ನಾನು ಕಾರ್ಖಾನೆಯ ಒಳಹೊರಗು ಕಲಿತೆ. ಗಂಧಕದಿಂದ ಆಮ್ಲ, ಆ ಆಮ್ಲಕ್ಕೆ ಗಾಳಿಯ ಸತ್ವ ಸೇರಿಸಿದರೆ ಗೊಬ್ಬರ. ಬೇರೆ ಎಷ್ಟೋ ಕಾರ್ಖಾನೆಗಳು ನಡೆಯಲೂ ಆ ಆಮ್ಲವೇ ಬೇಕೆಂದು ನಾನು ಹೇಳಿದಾಗ ಅತ್ತೆ, "ಅಂದ್ರೆ ಅದು ಕಾರ್ಖಾನೆಗಳ ಅಡುಗೆಮನೆ ಅನ್ನು" ಅಂದರು.

ಕೊನೆಯ ಸಲ ಕೇಳಿದ್ದು ಇದು: "ಸತ್ವ ಗಾಳೀಲೇ ಐತೆ ಅಂತೀಯ. ನಾವು ದಿನಾ ಉಸಿರಾಡ್ತೀವಲ್ಲ, ನಮ್ಮೊಳಗೆ ಯಾಕೆ ಉಳಿಯಲ್ಲ?"

ನನಗೆ ಗೊತ್ತಿರಲಿಲ್ಲ. ತಿಳಿದುಕೊಂಡು ಬರುವಷ್ಟರಲ್ಲಿ ಜ್ವರ ಬಂದು ಅತ್ತೆ ತೀರಿಹೋಗಿದ್ದರು. ಗದ್ದೆಯ ಮೂಲೆಯಲ್ಲಿ ಅವರನ್ನು ಮಣ್ಣು ಮಾಡಿದ್ದರು. ಅಲ್ಲಿ ಕುಳಿತು, ಅಳುತ್ತಲೇ ಹೇಳಿದೆ: "ಒಳಗೆ ಬರುತ್ತೆ ಅತ್ತೆ, ಬಂದ ಹಂಗೇ ಹೊರಟೋಗುತ್ತೆ. ಅದನ್ನ ಹಿಡಿದು ನಿಲ್ಲಿಸಾಕೆ ಒಂದು ಇಡೀ ಕಾರ್ಖಾನೆ ಬೇಕಂತೆ."