‘ಇ’ ಎಂದು ಬರೆದ ಡಿಸ್ಕ್

ಜಯಮ್ಮನವರೇ, ನಿಮ್ಮ ತಾಯಿಯ ಸೋಬಾನೆ ಹಾಡುಗಳನ್ನು ಅಳಿಸಿದ್ದು ನಾನು. ನಿಮ್ಮ ತಮ್ಮ ನಾಗರಾಜ ಆ ಹಾಡುಗಳಿದ್ದ ಹಾರ್ಡ್ ಡಿಸ್ಕನ್ನು ಬೀಳಿಸಿರಲಿಲ್ಲ.

ಆಗ ಆರ್.ಟಿ. ನಗರದಲ್ಲಿ ನನ್ನದು ಮದುವೆ ವಿಡಿಯೋ ಮಿಕ್ಸಿಂಗ್ ಅಂಗಡಿ. ಒಂದು ಮದುವೆಯ ಕೆಲಸ ಮುಗಿದರೆ ನನ್ನ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ — ಅಂದರೆ ಪೂರ್ತಿ ಖಾಲಿ ಮಾಡಿ — ಮುಂದಿನ ಮದುವೆಗೆ ಇಡುತ್ತಿದ್ದೆ. ಕಂಪ್ಯೂಟರ್ ಅದನ್ನು ಯಾವಾಗಲೂ ‘ಇ’ ಡ್ರೈವ್ ಎಂದೇ ತೋರಿಸುತ್ತಿತ್ತು. ಅದಕ್ಕೇ ಡಿಸ್ಕಿನ ಬೆನ್ನ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ‘ಇ’ ಎಂದು ಬರೆದಿದ್ದೆ. ಆ ಅಕ್ಷರ ಡಿಸ್ಕಿನ ಸ್ವಂತದ್ದಲ್ಲ, ಬೇರೆ ಡಿಸ್ಕ್ ಇಲ್ಲದಿದ್ದಾಗ ಮೊದಲು ಚುಚ್ಚಿದ ಡಿಸ್ಕಿಗೆ ಕಂಪ್ಯೂಟರ್ ಅದನ್ನು ಕೊಟ್ಟುಬಿಡುತ್ತದೆ — ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅಭ್ಯಾಸ...

ತಾಯಿಯ ವರ್ಷದ ತಿಥಿಗೆ ಬರುವ ನೆಂಟರಿಗೆಲ್ಲ ಆ ಹಾಡುಗಳ ಸಿ.ಡಿ. ಕೊಡಬೇಕೆಂದಿದ್ದಿರಿ. ಹೆಸರಘಟ್ಟದಿಂದ ನಾಗರಾಜ ಸ್ಕೂಟರಿನಲ್ಲಿ ಡಿಸ್ಕ್ ತಂದುಕೊಟ್ಟ. ನಿಮ್ಮದನ್ನು ಮೊದಲು ಚುಚ್ಚಿದೆ. ಅದಕ್ಕೆ ‘ಇ’ ಸಿಕ್ಕಿತು. ಆಮೇಲೆ ಚುಚ್ಚಿದ ನನ್ನದಕ್ಕೆ ‘ಎಫ್’. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು. ನನ್ನ ಡಿಸ್ಕನ್ನು ಖಾಲಿ ಮಾಡಬೇಕಿತ್ತು. ಬೆನ್ನ ಮೇಲಿನ ‘ಇ’ ನೋಡಿದೆ, ತೆರೆಯ ಮೇಲಿನ ‘ಇ’ ನೋಡಿದೆ, ಒಳಗೇನಿದೆ ಎಂದು ಮಾತ್ರ ನೋಡಲಿಲ್ಲ. ಎಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಕಂಪ್ಯೂಟರ್ ಕೇಳಿತು. ‘ಹೌದು’ ಒತ್ತಿದೆ. ಖಾಲಿಯಾದದ್ದು ನಿಮ್ಮ ಡಿಸ್ಕ್.

ಅಲ್ಲಿಗೆ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ಅದು ಮೇಲುಮೇಲಿನ ಫಾರ್ಮ್ಯಾಟ್. ಆಗಲೇ ಬಾಯಿಬಿಟ್ಟಿದ್ದರೆ ಬಲ್ಲವರು ಹಾಡುಗಳನ್ನು ಮರಳಿ ತೆಗೆಯಬಹುದಿತ್ತು. ನೀವು ಬೇರೆಯವರಿಗೆ ತೋರಿಸಿದರೆ ನನ್ನ ಕೆಲಸ ಬಯಲಾಗುತ್ತದೆಂದು ಹೆದರಿ, ಏನೂ ಉಳಿಯದಂತೆ ಇನ್ನೊಮ್ಮೆ ಪೂರ್ತಿ ಫಾರ್ಮ್ಯಾಟಿಗೆ ಹಾಕಿದೆ. ಮುಗಿಯುವವರೆಗೆ ಪಕ್ಕದಲ್ಲೇ ಕೂತಿದ್ದೆ.

ಸಂಜೆ ನೀವಿಬ್ಬರೂ ಬಂದಿರಿ.

“ಏಟು ಬಿದ್ದು ಒಳಗಿರೋದೆಲ್ಲ ಹೋಗಿದೆ ಕಣಮ್ಮ. ದಾರೀಲಿ ಎಲ್ಲೋ ಬೀಳ್ಸಿರ್ಬೇಕು,” ಎಂದೆ.

“ಬೀಳಿಸ್ನಿಲ್ಲ ಕಣಕ್ಕಾ! ಅಂಗಿ ಒಳ್ಗೆ ಇಕ್ಕಂಡು ಬಂದೆ,” ಎಂದ ನಾಗರಾಜ.

“ಸುಮ್ಕಿರೋ. ಮೊಟ್ಟೆ ತತ್ತಾ ಅಂದ್ರೂ ಒಡ್ಕಂಡೇ ಬರೋನು ನೀನು,” ಎಂದಿರಿ.

ಅವನು ನನ್ನ ಮುಖ ನೋಡಿದ. ನಾನು ಡಿಸ್ಕನ್ನು ಕವರಿಗೆ ಹಾಕಿ ನಿಮ್ಮ ಕೈಗೆ ಕೊಟ್ಟೆ.

ಅವನು ತಿಥಿಗೂ ಬರಲಿಲ್ಲವೆಂದು, ಅಂದಿನಿಂದ ನಿಮ್ಮ ಹೊಸ್ತಿಲು ತುಳಿದಿಲ್ಲವೆಂದು ಆಮೇಲೆ ಕೇಳಿದೆ. ಆಗಲೂ ಸುಮ್ಮನಿದ್ದೆ.

ನಾಳೆ ಬೆಳಿಗ್ಗೆ ಹೆಸರಘಟ್ಟಕ್ಕೆ ಬರುತ್ತೇನೆ. ಮೊದಲು ನಾಗರಾಜನ ಮನೆಗೆ. ಅವನು ಒಪ್ಪಿದರೆ ಅವನ ಜೊತೆಗೆ, ಒಪ್ಪದಿದ್ದರೆ ಒಬ್ಬನೇ ನಿಮ್ಮ ಬಾಗಿಲಿಗೆ. ಹಾಡುಗಳನ್ನು ತರಲಾರೆ. ನಿಮ್ಮೆದುರು ನಿಂತು ಹೇಳುವುದು ಇಷ್ಟೇ — ಅವನು ಬೀಳಿಸಲಿಲ್ಲ.