ವೈನಿ ಒಡಪು ಕಟ್ಟಿ ಕಲಿತ ಇಂಗ್ಲಿಷ್

ಸಂಕ್ರಮಣ ಮುಗಿದು ಒಂದು ವಾರವಾಗಿತ್ತು. ಮಧ್ಯಾಹ್ನದ ಹೊತ್ತು. ಇಚಲಕರಂಜಿಯ ಪಕ್ಕದ ಕೊರೋಚಿಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಅರಿಷಿಣ-ಕುಂಕುಮಕ್ಕೆ ಬಂದ ಹನ್ನೆರಡು ಹದಿಮೂರು ಹೆಂಗಸರಿದ್ದರು. ಅವ್ವ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ಕೂತು ಎಳ್ಳು-ಬೆಲ್ಲ ಕೊಡುತ್ತಿದ್ದಳು. ಅಪ್ಪ ಮಗ್ಗದ ಶೆಡ್ಡಿನಲ್ಲಿ, ಅಣ್ಣ ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ. ಮನೆಯಲ್ಲಿದ್ದ ಗಂಡಸು ನಾನೊಬ್ಬನೇ, ಒಳಕೋಣೆಯಲ್ಲಿ ನನ್ನ ಟ್ಯೂಷನ್ ಕ್ಲಾಸಿನ ಹುಡುಗರ ಪೇಪರು ತಿದ್ದುತ್ತ ಕೂತಿದ್ದೆ.

ಅಣ್ಣನ ಹೆಂಡತಿಯನ್ನು ನಾನು ವೈನಿ ಅನ್ನುತ್ತೇನೆ, ಆಕೆ ನನ್ನನ್ನು ಭಾವೂಜಿ ಅನ್ನುತ್ತಾಳೆ. ವೈನಿ ಕುಂಕುಮದ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದಳೋ ಇಲ್ಲವೋ, ಹೆಂಗಸರು ಅಡ್ಡ ಕೈ ಚಾಚಿದರು. ಗಂಡನ ಹೆಸರು ಹೇಳದೆ ದಾಟುವಂತಿಲ್ಲ. ಬರೀ ಹೆಸರು ಹೇಳಿದರೂ ನಡೆಯುವುದಿಲ್ಲ. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ ಅದರೊಳಗೆ ಹೆಸರು ಬರಬೇಕು. ಅದಕ್ಕೆ ನಾವು ಒಡಪು ಅನ್ನುತ್ತೇವೆ, ನೆರೆಯ ಮರಾಠಿ ಮನೆಗಳಲ್ಲಿ ಉಖಾಣಾ. ವೈನಿ ನಿಂತಲ್ಲೇ ಒಂದು ಹೇಳಿದಳು. ಅದು ಹಳೆಯದು ಎಂದು ಮುದುಕಿಯೊಬ್ಬಳು ತೆಗೆದುಹಾಕಿದಳು. ಇನ್ನೊಂದು ಹೇಳಿದಳು. ಮರಾಠಿಯದು ಬೇಕೆಂದರು, ಅದನ್ನೂ ಹೇಳಿದಳು. ಆರೋ ಏಳೋ ಆದವು. ಒಂದರ ಕೊನೆ ಇನ್ನೊಂದಕ್ಕೆ ಹೋಗಿ ಸೇರಲಿಲ್ಲ, ಎಲ್ಲೂ ತಡವರಿಸಲಿಲ್ಲ.

ನಾನು ಒಳಗೆ ತಿದ್ದುವುದು ಬಿಟ್ಟು ಅದನ್ನೇ ಕೇಳುತ್ತ ಕೂತಿದ್ದೆ. ಇದೇ ವೈನಿ ಬಾರಾವಿಯ, ಅಂದರೆ ಹನ್ನೆರಡನೆಯ ತರಗತಿಯ, ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ನಪಾಸಾಗಿದ್ದಳು. ಎರಡೂ ಸಲ ಕಲಿಸಿದವನು ನಾನೇ.

ನಮ್ಮ ಓಣಿಯ ಅಂಗನವಾಡಿಯಲ್ಲಿ ಆಕೆ ಸಹಾಯಕಿ. ಖಿಚಡಿ ಬೇಯಿಸುವುದು, ಮಕ್ಕಳನ್ನು ಮನೆಯಿಂದ ಕರೆತರುವುದು, ಮೂಗು ಒರೆಸುವುದು ಆಕೆಯ ಕೆಲಸ. ಮಗ್ಗದ ದುಡಿಮೆಗೆಂದು ಬಂದ ಕನ್ನಡ ಮನೆಗಳ ಕೂಸುಗಳು ಅಲ್ಲಿ ಮರಾಠಿ ತಿಳಿಯದೆ ಅತ್ತಾಗ ಸಮಾಧಾನ ಮಾಡುವವಳೂ ಈಕೆಯೇ. ಅಲ್ಲಿ ಕಲಿಸುವ ಸೇವಿಕಾ ಬಾಯಿ ಆ ಜೂನಿಗೆ ನಿವೃತ್ತರಾಗುವವರಿದ್ದರು. ಬಾರಾವಿ ಆಗಿದ್ದರೆ ಆ ಜಾಗ ವೈನಿಗೆ ಸಿಗುತ್ತಿತ್ತು. ಆಗದಿದ್ದರೆ ಹೊರಗಿನವರು ಯಾರೋ ಬರುತ್ತಿದ್ದರು, ವೈನಿ ಕೊನೆಯತನಕ ಖಿಚಡಿ ಬೇಯಿಸಿಕೊಂಡು ಇರಬೇಕಾಗುತ್ತಿತ್ತು. ಮನೆಯಿಂದಲೇ ಓದಿ ಪರೀಕ್ಷೆಗೆ ಕೂರುವವರಿಗಿರುವ ಸತ್ರಾ ನಂಬರಿನ, ಅಂದರೆ ಹದಿನೇಳನೆಯ, ಫಾರ್ಮು ತುಂಬಿ ಉಳಿದ ವಿಷಯಗಳನ್ನೆಲ್ಲ ಮುಗಿಸಿದ್ದಳು. ಇಂಗ್ಲಿಷ್ ಒಂದೇ ಬಾಕಿ. ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ.

ಆಕೆಯನ್ನು ಕೆಡವುತ್ತಿದ್ದದ್ದು ದೊಡ್ಡ ಶಬ್ದಗಳಲ್ಲ, ಅವುಗಳ ಹಿಂದೆ ಬರುವ ಸಣ್ಣ ಶಬ್ದಗಳು. ಅಫ್ರೇಡ್ ಆದ ಮೇಲೆ ಆಫ್, ಗುಡ್ ಆದ ಮೇಲೆ ಆ್ಯಟ್, ಇಂಟರೆಸ್ಟೆಡ್ ಆದ ಮೇಲೆ ಇನ್. ನಮ್ಮ ಸಿಟ್ಟು ಯಾವಾಗಲೂ ಒಬ್ಬರ ಮೇಲೆ, ಮರಾಠಿಯವರದೂ ಹಾಗೆಯೇ. ಅದಕ್ಕೇ ವೈನಿ ಆ್ಯಂಗ್ರಿ ಆನ್ ಎಂದು ಬರೆಯುತ್ತಿದ್ದಳು. ನಮ್ಮ ಲಗ್ನ ಒಬ್ಬರ ಸಂಗಡ, ಅದಕ್ಕೇ ಮ್ಯಾರೀಡ್ ವಿತ್. ನಾನೋ ಕೊಲ್ಲಾಪುರದಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಇಚಲಕರಂಜಿಯಲ್ಲಿ ಕ್ಲಾಸು ನಡೆಸುವವನು. ನಲವತ್ತು ಶಬ್ದಗಳ ಪಟ್ಟಿ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದೆ. ಸಾಲಾಗಿ ಕೇಳಿದರೆ ಹೇಳುತ್ತಿದ್ದಳು. ನಡುವಿನದನ್ನು ಕೇಳಿದರೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಇದಕ್ಕೆ ಇದೇ ಯಾಕೆ ಬರಬೇಕು ಎಂದರೆ, ಅದು ಹಾಗೇ ಇದೆ ಎನ್ನುತ್ತಿದ್ದೆ.

ಹೆಂಗಸರು ಹೋದ ಮೇಲೆ ಅವ್ವ ಕುಂಕುಮದ ಬಟ್ಟಲು ಮುಚ್ಚಿಟ್ಟು ನನ್ನನ್ನು ಕರೆದಳು. ಆಕೆಗೆ ಇಂಗ್ಲಿಷಿನ ಒಂದಕ್ಷರವೂ ಬಾರದು.

"ಇಕಿಗಿ ನೂರು ಒಡಪ ಬರ್ತಾವ. ಯಾವುದರ ಕಡೀಕ ಏನ್ ಬರಬೇಕು, ಒಂದರೆ ತಪ್ಪಿದ್ದು ಕೇಳೀಯೇನು? ನಿನ್ನ ನಲವತ್ತು ಶಬ್ದ ಯಾಕ ತಪ್ಪತಾವ?"

ಅದು ಬೇರೆ, ಇದು ಬೇರೆ ಎಂದೆ.

"ಬ್ಯಾರೆ ಏನೈತೋ ಅದರಾಗ? ಆ ಶಬ್ದಕ್ಕೂ ಒಬ್ಬ ಗಂಡ ಅದಾನ. ಹೆಸರು ಹೇಳಸು."

ತಟ್ಟೆ ತೊಳೆಯುತ್ತಿದ್ದ ವೈನಿ ನಕ್ಕಳು. "ಅತ್ತಿ, ನಿಮ್ಮ ಮಗ ಒಬ್ಬಾಂವಂದ ನನಗ ಸಾಕಾಗೈತಿ. ಇನ್ನ ನಲವತ್ತು ಮಂದೀನ ಎಲ್ಲಿ ಸಂಬಾಳಸಲ್ರಿ?"

ನಗುತ್ತ ಹೇಳಿದಳೇ ಹೊರತು ಮರುದಿನ ಬೆಳಿಗ್ಗೆ ಚಹಾ ಕೊಡುವಾಗ ಒಂದು ಕಟ್ಟಿ ತಂದಿದ್ದಳು. "ಅಂಗಳ ಮಾಡೇನಿ ಸಾಫ್, ಅಂಜಿಕಿ ಬಂದ್ರ ಅಫ್ರೇಡ್ ಆಫ್." ಸಂಜೆಗೆ ಇನ್ನೊಂದು. "ಹೋಳಗಿ ಬೇಯ್ತಾವ ಫಟಾಫಟ್, ಕೈಗುಣ ಇದ್ದಾಕಿ ಗುಡ್ ಆ್ಯಟ್." ಮದುವೆಯದ್ದನ್ನು ಅಣ್ಣನ ಎದುರಿಗೇ ಹೇಳಿದಳು. "ಹಣಿಗಿ ಹಚ್ಚೇನಿ ಕುಂಕುಮ ಬಟ್ಟು, ನಾನು ನಮ್ಮವರಿಗೆ ಮ್ಯಾರೀಡ್ ಟು." ಅಣ್ಣ ತುತ್ತು ಕೈಯಲ್ಲಿ ಹಿಡಿದು, ಈ ಟು ಅನ್ನುವವನು ಯಾರು ಎಂದು ಕೇಳಿದ. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡಳು.

ಗಡಹಿಂಗ್ಲಜದ ಹತ್ತಿರದ ಹಳ್ಳಿಯಲ್ಲಿ ವೈನಿಗೆ ಒಡಪು ಕಲಿಸಿದವಳು ಆಕೆಯ ಆಯಿ, ತಂದೆಯ ತಾಯಿ. ಒಂದು ಶೇಂಗಾ ಸುಲಿದರೆ ಒಂದು ಒಡಪು ಹೇಳಬೇಕಂತೆ. ನನಗೂ ಕನ್ನಡ ಬಂದದ್ದು ನಮ್ಮ ಆಯಿಯಿಂದಲೇ, ಶಾಲೆಯದೆಲ್ಲ ಮರಾಠಿ. ನಾನು ನಾಯಿಯನ್ನು ಅಂಜುತ್ತೇನೆ ಎಂದರೆ ಆಯಿ ತಪ್ಪು ಎನ್ನುತ್ತಿರಲಿಲ್ಲ. "ನಾಯಿಗಿ ಅಂಜತೀಯೇನು?" ಎಂದು ತಾನೇ ಸರಿಯಾಗಿ ಅಂದು ಕಥೆ ಮುಂದುವರಿಸುತ್ತಿದ್ದಳು. ಅಂಜಿಕೆ ನಾಯಿಗೇ ಯಾಕೆ, ಸಿಟ್ಟು ಮನುಷ್ಯನ ಮೇಲೇ ಯಾಕೆ ಎಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಹೀಗೆ ಹಿರಿಯರ ಬಾಯಿಂದ ಭಾಷೆ ಪಡೆದ ನಾನು ಎಂ.ಎ. ಮುಗಿಸಿ ಬಂದು ವೈನಿಯ ಮುಂದೆ ಒಂದು ಕಾಗದ ಅಂಟಿಸಿದ್ದೆ. ಆ ಕಾಗದದಲ್ಲಿ ಬರೀ ಶಬ್ದಗಳಿದ್ದವು, ಯಾರೂ ಯಾರಿಗೂ ಅಂಜುತ್ತಿರಲಿಲ್ಲ.

ಹದಿನೈದು ದಿನದೊಳಗೆ ಮೂವತ್ತರ ಮೇಲೆ ಆದವು. ಕೆಲವು ಚೆಂದ, ಕೆಲವಕ್ಕೆ ತಲೆಬುಡ ಇರಲಿಲ್ಲ. ಆದರೆ ಎಲ್ಲಿ ಕೇಳಿದರೂ ಉತ್ತರ ಬರುತ್ತಿತ್ತು. ಒಂದು ಮಾತ್ರ ದಿನಾ ಬಿಟ್ಟುಹೋಗುತ್ತಿತ್ತು. ಒಂದು ಮಧ್ಯಾಹ್ನ ವೈನಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಾಗ, ಆ್ಯಂಗ್ರಿಯದು ಇನ್ನೂ ಕಟ್ಟಿಲ್ಲವಲ್ಲ ಎಂದೆ.

"ಅದಕ್ಕ ಒಡಪ ಬ್ಯಾಡ್ರಿ. ಅದು ನನಗ ಬರ್ತೈತಿ."

ಹೇಳಿ ನೋಡೋಣ ಎಂದೆ. ವೈನಿ ಮೊರ ಕೆಳಗಿಟ್ಟಳು.

"ಐ ಆ್ಯಮ್ ಆ್ಯಂಗ್ರಿ ವಿತ್ ಯು, ಭಾವೂಜಿ."

ನಾನು ಶಾಬಾಸ್ ಎನ್ನಲು ಬಾಯಿ ತೆರೆದೆ. ಆಕೆ ನಗುತ್ತಿರಲಿಲ್ಲ.

"ಹ್ವಾದ ವರ್ಷ ರಿಜಲ್ಟ್ ಬಂದ ದಿನಾ ನೀವು ಇವರ ಮುಂದ ಏನಂದ್ರಿ? ವೈನಿ ಕೈಲೆ ಇಂಗ್ಲಿಷ್ ಆಗೂದಿಲ್ಲ, ಬಿಡಿಸಿಬಿಡು ಅಂದ್ರಿ. ನಾ ಚಹಾ ತಗೊಂಡು ಬಾಗಿಲದಾಗ ನಿಂತಿದ್ದೆ. ನೀವು ಅಂದಿದ್ದಕ್ಕ ಇವರು ಈ ವರ್ಷ ಫಾರ್ಮ್ ತುಂಬೂದ ಬ್ಯಾಡ ಅಂದ್ರು. ಎರಡ ತಿಂಗಳ ಅತ್ತೇನಿ ನಾ ಅವರ ಮುಂದ."

ನಾನು ಹಾಗೆ ಹೇಳಿದ್ದು ನಿಜ. ಮನೆಗೆಲಸ, ಅಂಗನವಾಡಿ, ಅದರ ಮೇಲೆ ಓದು, ಆಕೆಗೆ ಯಾಕೆ ಇಷ್ಟು ತ್ರಾಸು ಎಂಬ ಕನಿಕರದಿಂದ ಹೇಳಿದೆನೆಂದು ನಾನು ನಂಬಿಕೊಂಡಿದ್ದೆ. ಆ ಮಧ್ಯಾಹ್ನ ಹಾಗೆ ನಂಬಲಾಗಲಿಲ್ಲ. ಊರ ಮಕ್ಕಳನ್ನೆಲ್ಲ ಪಾಸು ಮಾಡಿಸುವ ಮಾಸ್ತರನ ಮನೆಯಲ್ಲೇ ನಪಾಸು ಎಂದು ಜನ ಆಡಿಕೊಳ್ಳುವುದು ನನಗೆ ಬೇಡವಾಗಿತ್ತು, ಅಷ್ಟೇ.

"ತಪ್ಪಾತ್ರಿ ವೈನಿ," ಎಂದೆ. "ಆಗಲಾರದ್ದು ನನ್ನ ಕೈಲೆ. ನಿಮ್ಮ ಕೈಲೆ ಅಲ್ಲ."

ವೈನಿ ಮೊರ ಎತ್ತಿಕೊಂಡು ಎರಡು ಸಲ ಕೇರಿ, ಒಂದು ಹರಳು ಹೆಕ್ಕಿ ಒಗೆದು, "ಮುಂದಿಂದು ಕೇಳ್ರಿ," ಎಂದಳು. ಕೇಳಿದೆ. ಆವತ್ತು ನಲವತ್ತನ್ನೂ ಕೇಳಿದೆ.

ಪರೀಕ್ಷೆಯ ದಿನ ಇಚಲಕರಂಜಿಯ ಕೇಂದ್ರಕ್ಕೆ ಗಾಡಿಯ ಮೇಲೆ ಕರೆದುಕೊಂಡು ಹೋದವನು ಅಣ್ಣ. ಒಳಗೆ ಬರೆಯುವಾಗ ಆಕೆಯ ತುಟಿ ಆಡುವುದನ್ನು ಕಂಡ ಮೇಲ್ವಿಚಾರಕಿ ಎಬ್ಬಿಸಿ ಮುಂದಿನ ಬೆಂಚಿಗೆ ಕೂರಿಸಿದರಂತೆ. ಮನೆಗೆ ಬಂದು ಅದನ್ನು ಹೇಳಿದಾಗ ಅವ್ವ ಆ ಮೇಲ್ವಿಚಾರಕಿಗೆ ಎರಡು ಮಾತು ಬೈದಳು.

ಮೇ ತಿಂಗಳಲ್ಲಿ ವೈನಿ ಇಂಗ್ಲಿಷಿನಲ್ಲಿ ನಲವತ್ತಾರು ತೆಗೆದು ಪಾಸಾದಳು. ಸೇವಿಕಾ ಬಾಯಿ ಜೂನಿನಲ್ಲಿ ನಿವೃತ್ತರಾದರು. ಶ್ರಾವಣದ ಎರಡನೆಯ ಸೋಮವಾರ ಆ ಜಾಗಕ್ಕೆ ವೈನಿಯ ಆರ್ಡರು ಬಂತು. ಮರುದಿನ ಬೆಳಿಗ್ಗೆ ವೈನಿ ಅಂಗನವಾಡಿಗೆ ಹೋಗಿ ಹದಿನೇಳು ಮಕ್ಕಳ ಹಾಜರಿ ತೆಗೆದುಕೊಂಡಳು.